ಪಂಪು ನಿಂತಿಲ್ಲ, ಕೇಳು

11 ಸೆಪ್ಟೆಂಬರ್ 2024, ಬುಧವಾರ, ರಾತ್ರಿ

ಕಾರಿನ ಇನ್ಶೂರೆನ್ಸ್ ಫಾರಂ ಇನ್ನೂ ಮೇಜಿನ ಮೇಲೇ ಇದೆ. ಎರಡು ಕಾಲಂ ಬಿಟ್ಟು ಉಳಿದದ್ದೆಲ್ಲ ತುಂಬಿದ್ದೇನೆ. ಹಳೇ ಪಾಲಿಸಿ ಮುಗಿಯೋಕೆ ಒಂಬತ್ತು ದಿನ ಇದೆ. ಪ್ರತಿ ವರ್ಷ ಕಣ್ಣುಮುಚ್ಚಿ ದುಡ್ಡು ಕಟ್ಟಿ ಮರೆತುಬಿಡುತ್ತಿದ್ದೆ. ಈ ಸಲ ಆಗುತ್ತಿಲ್ಲ.

ಭಾನುವಾರ ಆದದ್ದನ್ನು ಮೊದಲು ಬರೆದಿಡುತ್ತೇನೆ. ಅಪ್ಪನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿದ್ದೆ. ಇನ್ನು ಸ್ಟೀರಿಂಗ್ ಹಿಡಿಯಬೇಡಿ ಅಂತ ಕಣ್ಣಿನ ಡಾಕ್ಟರು ಹೇಳಿದಾಗಿನಿಂದ ಅವರು ಪಕ್ಕದ ಸೀಟಿನಲ್ಲಿ ಕೂರುತ್ತಾರೆ, ಏನೂ ಮಾತಾಡುವುದಿಲ್ಲ. ನಾನು ಕೀ ತಿರುಗಿಸಿದೆ. ನಮ್ಮ ಹಳೇ ಮೋರಿಸ್ ಮೈನರ್ ಕಾರಿನ ಪೆಟ್ರೋಲ್ ಪಂಪು ಕರೆಂಟಿನದು. ಕೀ ತಿರುಗಿಸಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಹೊಡೆಯುತ್ತೆ, ಎಂಜಿನ್ನಿಗೆ ಪೆಟ್ರೋಲು ಬಿಡೋ ಕಾರ್ಬ್ಯುರೇಟರ್ ತುಂಬಿದ ಮೇಲೆ ತಾನಾಗಿ ಸುಮ್ಮನಾಗುತ್ತೆ. ನಾನು ಸ್ಟಾರ್ಟರ್ ಎಳೆಯೋಕೆ ಕೈ ಹಾಕಿದ್ದೆ. ಅಪ್ಪ ನನ್ನ ಮುಂಗೈ ಹಿಡಿದುಕೊಂಡರು.

"ಎಳೀಬೇಡ. ಪಂಪು ನಿಂತಿಲ್ಲ, ಕೇಳು."

ಕೇಳಿದೆ. ನಿಂತಿರಲಿಲ್ಲ. ಕೀ ಆಫ್ ಮಾಡಿ ಬಾನೆಟ್ ಎತ್ತಿದರೆ ರಬ್ಬರ್ ಹೋಸು ಬಿರುಕು ಬಿಟ್ಟು ಪೆಟ್ರೋಲು ಜಿನುಗುತ್ತಾ ಇತ್ತು. ಆ ಎಂಜಿನ್ನಿನಲ್ಲಿ ಕಾರ್ಬ್ಯುರೇಟರೂ ಬಿಸಿ ಹೊಗೆ ಹೋಗೋ ಎಕ್ಸಾಸ್ಟೂ ಒಂದೇ ಪಕ್ಕ, ಒಂದರ ಕೆಳಗೆ ಒಂದು. ಪೆಟ್ರೋಲು ಇಳಿಯುತ್ತಿದ್ದದ್ದು ಎಕ್ಸಾಸ್ಟ್ ಮೇಲಕ್ಕೇ. ಎಂಜಿನ್ ಆಗಲೇ ಬಿಸಿಯಾಗಿದ್ದಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಬರೆಯೋಕೆ ಮನಸ್ಸಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ ಅನ್ನೋದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಸು ಬದಲಾಯಿಸಿರಲಿಲ್ಲ. ಕಣ್ಣು ಮಂಜಾದವರು ಕಿವಿಯಿಂದ ಕಂಡುಹಿಡಿದರು. ಪಕ್ಕದಲ್ಲೇ ಇದ್ದ ನನಗೆ ಅದು ಬರೀ ದಿನದ ಸದ್ದಾಗಿತ್ತು.

ಸಂಜೆ ತಮ್ಮನಿಗೆ ಫೋನ್ ಮಾಡಿ ಪಾಲಿಸಿ ವಿಷಯ ಎತ್ತಿದೆ. ಅವನದು ಯಾವಾಗಲೂ ನೇರ ಲೆಕ್ಕ. "ಅಣ್ಣಾ, ತಿಂಗಳಿಗೆ ಎರಡು ಸಲ ಓಡಿಸ್ತೀಯ. ಥರ್ಡ್ ಪಾರ್ಟಿ ಒಂದು ಇರಲಿ, ಸಾಕು. ನಿಂತಿರೋ ಕಾರಿಗೆ ಏನಾಗುತ್ತೆ?"

ಎದುರಿನವರಿಗೆ ಆಗುವ ಪೆಟ್ಟಿನ ಕವರ್ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಕಾರು 1955ರದಾಗಲಿ ಮೊನ್ನೆ ಬಂದದ್ದಾಗಲಿ, ಬಡಿಸಿಕೊಂಡವನ ಮೂಳೆ ಒಂದೇ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರೋ ಗಾಡಿ ಓಡಿಸುವವನು ಅದರಲ್ಲಿ ಕೈಬಿಗಿ ಹಿಡಿಯಲೇಬಾರದು. ಆದರೆ "ನಿಂತಿರೋ ಕಾರಿಗೆ ಏನಾಗುತ್ತೆ" ಅಂದನಲ್ಲ, ಭಾನುವಾರ ಕಾರು ನಿಂತೇ ಇತ್ತು. ಹಳೇ ಕಾರಿನ ಆಯುಷ್ಯದಲ್ಲಿ ಹೆಚ್ಚು ಕಾಲ ಕಳೆಯೋದೇ ನಿಂತು. ಬಟ್ಟೆ ಸುತ್ತಿದ ಹಳೇ ವೈರಿಂಗು, ಒಣಗಿದ ಹೋಸು, ಶೆಡ್ಡಿನ ಮೇಲೆ ಬೀಳಬಹುದಾದ ಮರ, ಬೀಗ ಒಡೆಯೋ ಕೈ. ಬೆಂಕಿಗೂ ಕಳ್ಳತನಕ್ಕೂ ಕವರ್ ಬೇಕೇ ಬೇಕು. ಇಡೀ ವರ್ಷ ರಸ್ತೆಗಿಳಿಸದವರಿಗೆ ಬರೀ ಇವೆರಡನ್ನೇ ಕೊಡುವ ಪಾಲಿಸಿಯೂ ಇರುತ್ತೆ. ನಮಗೆ ಅದು ಸಾಲದು, ನಾವು ಓಡಿಸುತ್ತೇವೆ.

ನಿನ್ನೆ ರಾತ್ರಿ ಹನ್ನೊಂದರವರೆಗೆ ಷರತ್ತುಗಳನ್ನು ಓದಿದೆ. ಎಲ್ಲ ನಿಂತಿರೋದು ಒಂದು ಅಂಕಿಯ ಮೇಲೆ: ಕಾರು ಪೂರ್ತಿ ಹೋದರೆ ಕೈಗೆ ಎಷ್ಟು ಬರುತ್ತೆ? ಮಾಮೂಲಿ ಪಾಲಿಸಿ ಕಾರಿನ ವಯಸ್ಸು ನೋಡಿ ಸವಕಳಿ ಕಳೆಯುತ್ತೆ. ಹೊಸ ಕಾರಿಗೆ ಅದು ನ್ಯಾಯ. ಅರವತ್ತೊಂಬತ್ತು ವರ್ಷದ ಕಾರಿಗೆ ಅದೇ ಲೆಕ್ಕ ಹಾಕಿದರೆ ಉಳಿಯೋದು ಗುಜರಿ ತೂಕದ ಬೆಲೆ. ಅದಕ್ಕೇ ಅಗ್ರೀಡ್ ವ್ಯಾಲ್ಯೂ. ಪಾಲಿಸಿ ಶುರುವಾಗೋ ಮುಂಚೆಯೇ ಕಂಪನಿಯೂ ನಾವೂ ಒಂದು ಬೆಲೆಗೆ ಒಪ್ಪಿ ಬರೆದುಕೊಂಡುಬಿಡೋದು. ನಾಳೆ ಟೋಟಲ್ ಲಾಸ್ ಆದರೆ ಅದೇ ಮೊತ್ತ, ನಮ್ಮ ಪಾಲು ಅಂತ ಮೊದಲೇ ಒಪ್ಪಿದ್ದು ಏನಾದರೂ ಇದ್ದರೆ ಅಷ್ಟು ಮಾತ್ರ ಕಡಿತ. ಆಮೇಲೆ ಚೌಕಾಸಿ ಇಲ್ಲ.

ಇಲ್ಲೇ ನಾನು ಜಾರುವುದರಲ್ಲಿದ್ದೆ. ಮೊದಲು ತರಿಸಿಕೊಂಡ ಫಾರಂನಲ್ಲಿ ಸ್ಟೇಟೆಡ್ ವ್ಯಾಲ್ಯೂ ಅಂತ ಇತ್ತು. ಎರಡೂ ಒಂದೇ ಅಂದುಕೊಂಡೆ. ಅಲ್ಲ. ಅಲ್ಲಿ ಬೆಲೆಯನ್ನು ಬರೆಯೋದು ನಾವು, ಪ್ರೀಮಿಯಂ ಲೆಕ್ಕ ಹಾಕೋದೂ ಅದರ ಮೇಲೇ, ಆದರೆ ಕೊಡುವಾಗ ಆ ಅಂಕಿ ಮತ್ತು ಆ ದಿನದ ಮಾರುಕಟ್ಟೆ ಬೆಲೆ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡಬಹುದು. ಷರತ್ತಿನ ಒಳಗೆ ಒಂದೇ ಒಂದು ವಾಕ್ಯ. ಏಜೆಂಟನ್ನು ಕೇಳಿದರೆ "ಎಲ್ಲಾ ಒಂದೇ ಸಾರ್" ಅಂದ. ಅಲ್ಲಪ್ಪಾ, ಒಂದೇ ಅಲ್ಲ. ಆ ಫಾರಂ ವಾಪಸ್ ಕೊಟ್ಟೆ.

ಹಾಗಾದರೆ ಯಾವ ಅಂಕಿ ಬರೆಯಲಿ? ಕಡಿಮೆ ಬರೆದರೆ ಪ್ರೀಮಿಯಂ ಉಳಿಯುತ್ತೆ ಅನ್ನೋ ಆಸೆ ಬಂದದ್ದು ನಿಜ. ಕಾಗದದ ಮೇಲೆ ಗೀಚಿ ನೋಡಿದ ಮೇಲೆ ಹೆದರಿಕೆ ಆಯಿತು. ರಿಪೇರಿ ಖರ್ಚು ಒಪ್ಪಿದ ಬೆಲೆಯ ಇಷ್ಟು ಭಾಗ ದಾಟಿದರೆ ಕಂಪನಿ ಟೋಟಲ್ ಲಾಸ್ ಅನ್ನಬಹುದು. ಕಾರಿನ ನಿಜವಾದ ಬೆಲೆ ನೂರು ಅಂತ ಇಟ್ಟುಕೊಂಡು ನಾನು ನಲವತ್ತು ಬರೆದೆ ಅಂದುಕೊಳ್ಳೋಣ. ಮುಂದಿನ ಫೆಂಡರ್, ರೇಡಿಯೇಟರ್, ಒಂದು ಬಾಗಿಲು ಹೋಗುವಂಥ ಅಪಘಾತ. ಮೂವತ್ತು ಖರ್ಚು. ಕಾರು ಚೆನ್ನಾಗಿ ರಿಪೇರಿ ಆಗುತ್ತೆ. ಆದರೂ ಮೂವತ್ತು ಅನ್ನೋದು ನಲವತ್ತರ ಮುಕ್ಕಾಲು. ಕಂಪನಿ ನಲವತ್ತು ಕೊಟ್ಟು ಕಾರನ್ನು ತಾನೇ ತೆಗೆದುಕೊಂಡು ಹೋಗಬಹುದು. ಪ್ರೀಮಿಯಂನಲ್ಲಿ ನಾಲ್ಕು ಕಾಸು ಉಳಿಸೋಕೆ ಹೋಗಿ ಅಪ್ಪನ ಕಾರನ್ನೇ ಕೈಯಾರೆ ಎತ್ತಿ ಕೊಟ್ಟಂತಾಗುತ್ತೆ.

ಇದನ್ನು ಅಪ್ಪನಿಗೆ ಹೇಳಲೇಬೇಕಿತ್ತು. ಇವತ್ತು ಸಂಜೆ ಅವರ ಕೋಣೆಗೆ ಹೋಗಿ ಕೂತೆ. ರೇಡಿಯೋ ಸಣ್ಣಗೆ ಇಟ್ಟುಕೊಂಡಿದ್ದರು. ನನ್ನ ಲೆಕ್ಕವನ್ನೆಲ್ಲ ಪೂರ್ತಿ ಕೇಳಿಸಿಕೊಂಡರು.

"ಬೆಲೆ ಆಮೇಲೆ ಹೇಳ್ತೀನಿ. ಮೊದಲು ನೀನು ಹೇಳು. ಕಾರು ನಜ್ಜುಗುಜ್ಜಾಯ್ತು, ಅವರು ದುಡ್ಡು ಕೊಟ್ಟರು. ಮಾರನೇ ದಿನ ಏನು ಮಾಡ್ತೀಯ?"

"ಮೈನರ್‌ಗಳು ಬೇಕಾದಷ್ಟು ಸಿಗ್ತವಪ್ಪಾ. ಹದಿನಾರು ಲಕ್ಷ ಮಾಡಿದ್ದಾರೆ. ಇನ್ನೊಂದು ಚೆನ್ನಾಗಿರೋದು..."

"ಇನ್ನೊಂದಾ?"

ಸುಮ್ಮನಾದೆ. ಅವರು ಗಾಳಿಯಲ್ಲೇ ಕೈ ಚಾಚಿ ಬಾನೆಟ್ ಸವರಿದ ಹಾಗೆ ಮಾಡಿದರು. ಮಧ್ಯದಲ್ಲಿ ಒಂದು ಅಗಲವಾದ ಪಟ್ಟಿ ಇದೆಯಲ್ಲ, ಅದನ್ನು. ಚಿಕ್ಕವನಿದ್ದಾಗ ಆ ಕಥೆ ಎಷ್ಟು ಸಲ ಹೇಳಿದ್ದಾರೋ. 1948ರಲ್ಲಿ ಮೈನರ್ ಬರೋ ಮುಂಚೆ, ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್‌ಗೆ ಮಾದರಿ ಕಾರು ತೀರಾ ಕಿರಿದಾಯಿತು ಅನ್ನಿಸಿ, ಉದ್ದಕ್ಕೆ ಎರಡು ಸೀಳು ಮಾಡಿಸಿ, ಒಂದೊಂದೇ ಇಂಚು ದೂರ ಸರಿಸಿ ನೋಡಿ, ನಾಲ್ಕು ಇಂಚಿಗೆ ನಿಲ್ಲಿಸಿದರಂತೆ. ಆ ನಾಲ್ಕು ಇಂಚೇ ಬಾನೆಟ್ಟಿನ ಪಟ್ಟಿ. "ಎರಡು ಹೋಳು ಮಾಡಿ ಸೇರಿಸಿದ ಕಾರು ಕಣೋ ಇದು, ಇದಕ್ಕೆ ರಿಪೇರಿ ಅಂದ್ರೆ ಭಯ ಇಲ್ಲ" ಅನ್ನೋರು.

ಇವತ್ತು ಆ ಕಥೆ ಹೇಳಲಿಲ್ಲ. "ಇನ್ನೊಂದು ಬೇಡ. ಇದನ್ನೇ ಉಳಿಸು. ಅದಕ್ಕೆ ಏನು ಬೇಕೋ ಅದನ್ನ ಬರೆಸು" ಅಂದರು.

ಅಷ್ಟು ಹೊತ್ತೂ ನಾನು ಬೆಲೆಯ ಹಿಂದೆಯೇ ಬಿದ್ದಿದ್ದೆ. ಇದನ್ನೇ ಉಳಿಸಬೇಕು ಅಂದರೆ ಓದಬೇಕಾದ ಷರತ್ತುಗಳೇ ಬೇರೆ. ಟೋಟಲ್ ಲಾಸ್ ಅಂದರೂ ಉಳಿದ ಕಾರನ್ನು ನಾವೇ ಇಟ್ಟುಕೊಳ್ಳೋ ಹಕ್ಕು ಇದೆಯಾ, ಇದ್ದರೆ ಅದಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ? ನಮ್ಮ ಮೆಕ್ಯಾನಿಕ್ ಹತ್ತಿರವೇ ಮಾಡಿಸಬಹುದಾ, ಇಲ್ಲ ಅವರು ಹೇಳಿದ ಗ್ಯಾರೇಜಿಗೇ ಹೋಗಬೇಕಾ? ತಗಡು ಬಡಿದು ನೇರ ಮಾಡೋ ಕೈ ಬೇರೆ, ಬಿಚ್ಚಿ ಹೊಸದು ಹಾಕೋ ಕೈ ಬೇರೆ. ತಿರುಗುವಾಗ ಸೂಚನೆ ಕೊಡೋಕೆ ಬಾಗಿಲ ಕಂಬದಿಂದ ಹೊರಕ್ಕೆ ಚಾಚೋ ಆ ಕೈ ಮುರಿದರೆ ಅಂಥದ್ದನ್ನೇ ಹುಡುಕಿ ಹಾಕಿಸುತ್ತಾರಾ, ಮಿಣುಕೋ ದೀಪ ಹಾಕಿ ಮುಗಿಸುತ್ತಾರಾ? ಇಬ್ಭಾಗದ ಮುಂದಿನ ಗಾಜಿಗೆ ಏನು ಗತಿ? 1956ರಿಂದ ಅದರ ಜಾಗಕ್ಕೆ ಒಂದೇ ಗಾಜು ಬಂತು. ದಾರಿಯಲ್ಲಿ ಕೆಟ್ಟರೆ ಸರಪಳಿ ಹಾಕಿ ಎಳೆದುಕೊಂಡು ಹೋಗುತ್ತಾರಾ, ಪೂರ್ತಿ ಎತ್ತಿ ಲಾರಿ ಮೇಲೆ ಇಟ್ಟುಕೊಳ್ಳುತ್ತಾರಾ? ಅಟ್ಟದ ಮೇಲೆ ಅಪ್ಪ ಕೂಡಿಟ್ಟಿರೋ ಬಿಡಿಭಾಗಗಳ ಪೆಟ್ಟಿಗೆಗಳು ಕಾರಿನ ಲೆಕ್ಕಕ್ಕೆ ಸೇರುತ್ತವಾ? ತಾನಾಗಿ ಸೇರುವುದಿಲ್ಲ, ಪಟ್ಟಿ ಮಾಡಿ ಬೇರೆ ಬರೆಸಬೇಕಂತೆ. ತುಕ್ಕು, ಸವೆತ ಇವಕ್ಕೆ ಯಾವ ಪಾಲಿಸಿಯನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ, ಅದು ನಮ್ಮ ಹಣೆಬರಹ. ಒಂದು ಪಾಲಿಸಿಯಲ್ಲಿ ಇಲಿ ವೈರ್ ಕಡಿದರೂ ಇಲ್ಲ.

ಹತ್ತು ವರ್ಷದ ಹಿಂದಿನ ಒಂದು ಸುದ್ದಿ ನೆನಪಾಯಿತು. ಅಮೆರಿಕದ ಬೌಲಿಂಗ್ ಗ್ರೀನ್‌ನಲ್ಲಿರೋ ಕಾರ್ವೆಟ್ ಅನ್ನೋ ಸ್ಪೋರ್ಟ್ಸ್ ಕಾರುಗಳ ಮ್ಯೂಸಿಯಂನ ನೆಲ 12 ಫೆಬ್ರವರಿ 2014ರಂದು ಕುಸಿದು ಎಂಟು ಕಾರುಗಳು ಗುಂಡಿಗೆ ಬಿದ್ದವು. ಮೂರನ್ನು ರಿಪೇರಿ ಮಾಡಿಸಿದರು. ಐದನ್ನು ನಜ್ಜಾದ ಹಾಗೆಯೇ ಇಟ್ಟುಕೊಂಡರು. ಏನು ಮಾಡಬೇಕು ಅಂತ ತೀರ್ಮಾನಿಸೋಕೆ ಕಾರು ಮೊದಲು ನಮ್ಮ ಕೈಯಲ್ಲಿ ಉಳಿದಿರಬೇಕಲ್ಲ.

ಮಗಳು ಫೋಟೋ ತೆಗೆಯೋಕೆ ಒಪ್ಪಿದ್ದಾಳೆ. ನಾಲ್ಕೂ ಪಕ್ಕ, ಒಳಗೆ, ಕಾರಿನ ಹೊಟ್ಟೆ, ಚಾಸಿ ನಂಬರು, ಎಂಜಿನ್ ನಂಬರು. ಬೆಲೆ ಕಟ್ಟುವವರು ಶನಿವಾರ ಬರುತ್ತಾರೆ, ಅಂಕಿ ಅವರು ಬರೆದುಕೊಟ್ಟದ್ದೇ ಇರಲಿ. ಅದನ್ನೂ ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಇಲ್ಲದಿದ್ದರೆ ಒಪ್ಪಿದ ಬೆಲೆ ಹಿಂದೆಯೇ ಉಳಿದುಬಿಡುತ್ತೆ. ಹೋಸುಗಳನ್ನು ಎಲ್ಲಾ ಬದಲಾಯಿಸಿಯಾಯಿತು. ಇವತ್ತು ಬೆಳಿಗ್ಗೆ ಕೀ ತಿರುಗಿಸಿ ಎಣಿಸಿದೆ, ಹದಿನಾಲ್ಕು ಟಿಕ್, ಆಮೇಲೆ ಸುಮ್ಮನಾಯಿತು.

ಇನ್ನೊಂದು ಖಾಲಿ ಕಾಲಂ, ಕಾರು ಓಡಿಸುವವರು ಯಾರು ಯಾರು ಅನ್ನೋದು. ನನ್ನ ಹೆಸರು ಬರೆದೆ. ಮಗಳಿಗೆ ಇನ್ನೂ ವಯಸ್ಸು ಸಾಲದು, ಚಿಕ್ಕ ವಯಸ್ಸಿನವರನ್ನು ಇಂಥ ಪಾಲಿಸಿಗೆ ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ. ಹೋದ ವರ್ಷದ ಫಾರಂ ತೆಗೆದು ನೋಡಿದೆ. ಮೊದಲನೇ ಸಾಲಿನಲ್ಲಿ ಅಪ್ಪನ ಹೆಸರು, ಅವರದೇ ದುಂಡು ಅಕ್ಷರ. ಓಡಿಸದವರ ಹೆಸರು ಬರೆಯುವಂತಿಲ್ಲ, ಅದು ಸುಳ್ಳಾಗುತ್ತೆ, ನಾಳೆ ಕ್ಲೇಮಿಗೂ ತೊಂದರೆ. ಅದೆಲ್ಲ ಸರಿ. ಊಟ ಆದ ಮೇಲೆ ಅವರೇ ಕೇಳಿದರು, "ಫಾರಂ ತುಂಬಿಸಿಯಾಯ್ತಾ? ಸಹಿ ಎಲ್ಲಿ ಹಾಕಬೇಕು ಹೇಳು, ಕೈ ಹಿಡಿದು ತೋರಿಸು, ಹಾಕ್ತೀನಿ."

ನಾಳೆ ಹಾಕೋಣ ಅಪ್ಪಾ ಅಂದೆ. ಅವರ ಸಹಿಗೆ ಅದರಲ್ಲಿ ಜಾಗ...