ಬರೀ 18 ಕಾರ್ಡಲ್ಲಿ ಅದೆಂಥಾ ಗೇಮ್ ಮಾಡ್ತೀಯೋ?

ಹಾಸನದಲ್ಲಿ ಯಾರ ಮನೆಗೆ ನನ್ನ ಗೇಮ್ ತಗೊಂಡು ಹೋದ್ರೂ ಇದೇ ಪ್ರಶ್ನೆ. ಬೋರ್ಡಿಲ್ಲ, ಡೈಸಿಲ್ಲ, ಜೇಬಲ್ಲಿ ಹಿಡಿಯೋ 18 ಕಾರ್ಡು ಅಷ್ಟೇ. ದುಡ್ಡಿಲ್ವಾ ಅಂತಾರೆ. ದುಡ್ಡಿಲ್ಲ, ಅದೂ ನಿಜಾನೇ, 54 ಕಾರ್ಡಿನ ಒಂದು ಶೀಟ್ ಪ್ರಿಂಟ್ ಹಾಕಿಸಿದ್ರೆ ಮೂರು ಗೇಮ್ ಆಗ್ಬಿಡುತ್ತೆ. ಜಪಾನಿನ ಸೇಜಿ ಕಾನಾಯ್ 2012ರಲ್ಲಿ ತಂದ ಲವ್ ಲೆಟರ್ ಅನ್ನೋ ಕಾರ್ಡ್ ಗೇಮಲ್ಲಿ ಇದ್ದಿದ್ದು ಇನ್ನೂ ಕಮ್ಮಿ, 16.

ಆದ್ರೆ ಅಷ್ಟು ದೂರ ಯಾಕೆ, ನಿಮ್ಮನೇಲಿ ಚೌಕಾಬಾರ ಆಡ್ತೀರಲ್ಲ, ಅದಕ್ಕೇನು ಬೇಕು? ಸೀಮೆಸುಣ್ಣದಲ್ಲಿ 25 ಮನೆ, ಒಬ್ಬೊಬ್ರಿಗೆ ನಾಲ್ಕು ಕಾಯಿ (ಬಳೆಚೂರೋ ಕಾಫಿ ಬೀಜಾನೋ ಏನೋ ಒಂದು), ನಾಲ್ಕು ಕವಡೆ. ಕವಡೆ ಸಿಗದಿದ್ರೆ ಹುಣಸೆ ಬೀಜನ ಒಂದು ಕಡೆ ಕಲ್ಲಿಗೆ ತೇಯ್ದು ಬಿಳಿ ಮಾಡ್ಕೊಂಡ್ರೆ ಆಯ್ತು. ಈಗ ಲೆಕ್ಕ ನೋಡಿ, ಎರಡೂ ಕಡೆ ಸಮ ಬೀಳುತ್ತೆ ಅಂತಿಟ್ಕೊಂಡ್ರೆ ನಾಲ್ಕು ಕವಡೆ 16 ಥರ ಬೀಳಬಹುದು, ಅದ್ರಲ್ಲಿ ಎರಡಕ್ಕೆ 6, ಒಂದಕ್ಕೂ ಮೂರಕ್ಕೂ 4-4, ನಾಲ್ಕಕ್ಕೆ ಒಂದೇ ಒಂದು, ಎಲ್ಲಾ ಬೋರಲು ಬಿದ್ರೆ ಎಂಟು, ಅದಕ್ಕೂ ಒಂದೇ. ಎಂಟು ಬಿದ್ದಾಗ ಮನೆಯವ್ರೆಲ್ಲಾ ಕಿರಚೋದು ಸುಮ್ನೆ ಅಲ್ಲ. ಆರು ಮುಖದ ಒಂದು ಡೈಸಲ್ಲಿ ಈ ಮಜಾ ಎಲ್ಲಿ, ಅಲ್ಲಿ ಒಂದೂ ಆರೂ ಅಷ್ಟಷ್ಟೇ ಸಲ ಬೀಳುತ್ತೆ.

ನಾನೀಗ ಮಾಡ್ತಿರೋದು ಸಕಲೇಶಪುರ ಕಡೆ ಕಾಫಿ ತೋಟದ ಗೇಮು. ಮೊದಲು ಹೂವಿಗೊಂದು ಕಾಯಿಗೊಂದು ಹಣ್ಣಿಗೊಂದು ಅಂತ 60 ಮರದ ಟೋಕನ್ ಇಟ್ಟಿದ್ದೆ, ಆಡೋದಕ್ಕಿಂತ ಎಣಿಸೋದೇ ಆಯ್ತು. ಎಲ್ಲಾ ಕಿತ್ತಾಕಿ ಕಾರ್ಡಿನ ನಾಲ್ಕು ಅಂಚಿಗೆ ಹೂವು, ಹಸಿರು ಕಾಯಿ, ಕೆಂಪು ಹಣ್ಣು, ಕಣದಲ್ಲಿ ಒಣಗ್ತಿರೋ ಬೀಜ ಬರೆದೆ, ಸರದಿಗೆ ಕಾಲು ಸುತ್ತು ತಿರುಗಿಸಿದ್ರೆ ಬೆಳೆ ಮುಂದಕ್ಕೆ ಹೋಗುತ್ತೆ. ಹಿಂಬದಿಗೆ ಆನೆ. ಕಾರ್ಡ್ ಮಗುಚಿದ್ರೆ ಆನೆ ನುಗ್ತು ಅಂತ, ತೋಟ ಹಾಳು. ಮಳೆಗೆ ಮಾತ್ರ ಒಳ್ಳೇದೊಂದು ಕೆಟ್ಟದ್ದೊಂದು ಎರಡು ಕಾರ್ಡ್ ಮಾಡಿದ್ದೆ, ಒಂದಿನ ಹೊಳೀತು, ಮಾರ್ಚಲ್ಲಿ ಹೂಮಳೆ ಬಂದ್ರೆ ಬೆಳೆಗಾರ ಕುಣೀತಾನೆ, ಅದೇ ಮಳೆ ಡಿಸೆಂಬರಲ್ಲಿ ಕಣದ ಮೇಲೆ ಬಂದ್ರೆ ತಲೆ ಮೇಲೆ ಕೈ. ಒಂದೇ ಮಳೆ ಸಾಕು! ಯಾವಾಗ ಯಾರ ತೋಟದ ಮೇಲೆ ಹಾಕ್ತೀರ ಅನ್ನೋದೇ ಆಟ. ಟೋಕನ್ ರಾಶಿ ಇದ್ದಿದ್ರೆ ಇದು ನನ್ನ ತಲೆಗೆ ಬರ್ತಿರ್ಲಿಲ್ಲ.

ಎಡವಟ್ಟೂ ಆಗಿದೆ. ನೆಂಟರ ಮನೇಲಿ ಆಡೋವಾಗ ಫ್ಯಾನ್ ಗಾಳಿಗೆ ಕಾರ್ಡೆಲ್ಲಾ ತಿರುಗಿ ಯಾರ ತೋಟದಲ್ಲಿ ಹೂವು ಯಾರದ್ರಲ್ಲಿ ಹಣ್ಣು ಒಂದೂ ಗೊತ್ತಾಗ್ದೆ ಜಗಳ. ಈಗ ಪಕ್ಕದ ಕಾರ್ಡಿನ ಕೆಳಗೆ ಸಿಗಿಸಿಡ್ತೀವಿ, ಬೇಕಾದ ಅಂಚು ಮಾತ್ರ ಹೊರಗೆ ಕಾಣುತ್ತೆ. ಮೂರು ಜನಕ್ಕೆ ಚೆನ್ನಾಗಿ ಓಡುತ್ತೆ, ನಾಲ್ಕನೆಯವ್ರು ಬಂದು ಕೂತ್ರೆ ಕಾರ್ಡ್ ಸಾಲಲ್ಲ, ಅದನ್ನ ಇನ್ನೂ ಬಿಡಿಸೋಕೆ ಆಗಿಲ್ಲ.