ಚಿಪ್ಪಿಗಾಗಿ ಕಾಯುವ ಹೊತ್ತು

ಇವತ್ತು ದಿನಸಿ ಅಂಗಡಿಯಲ್ಲಿ ಕಾರ್ಡನ್ನು ಮೆಷಿನ್‌ಗೆ ಸಿಕ್ಕಿಸಿ ನಿಂತಿದ್ದೆ. ಹಿಂದೆ ಉದ್ದ ಸಾಲು. ಮೊದಲಾದರೆ ಸರ್ರನೆ ಉಜ್ಜಿ, ಸಹಿ ಹಾಕಿ, ಕಾರ್ಡ್ ಮತ್ತೆ ಪರ್ಸಿಗೆ. ಈಗ ಮೆಷಿನ್ ಕಾರ್ಡಿನಲ್ಲಿರುವ ಚಿಪ್ ಓದುವ ತನಕ ಕಾಯಬೇಕು, ಪಿನ್ ಒತ್ತಬೇಕು. ನಡುವೆ ಎಳೆದುಬಿಟ್ಟರೆ ಮತ್ತೆ ಮೊದಲಿಂದ. ಅಮ್ಮ ಒಮ್ಮೆ ಕಾರ್ಡನ್ನು ಮೆಷಿನ್‌ನಲ್ಲೇ ಬಿಟ್ಟು ಮನೆಗೆ ಬಂದಿದ್ದರು.

ಆದರೂ ನನಗೆ ಚಿಪ್ಪೇ ಇಷ್ಟ. ಕಾರ್ಡಿನ ಹಿಂಬದಿಯಲ್ಲಿ ಉಜ್ಜುವ ಕಪ್ಪು ಪಟ್ಟಿಯಲ್ಲಿ ಯಾವಾಗಲೂ ಅದೇ ಮಾಹಿತಿ, ಕದ್ದು ನಕಲು ಮಾಡುವುದು ಸುಲಭ. ಚಿಪ್ ಹಾಗಲ್ಲ, ಪ್ರತಿ ಸಲ ಹೊಸ ಕೋಡ್ ಕೊಡುತ್ತದೆ. 2018 ಮುಗಿಯುವುದರೊಳಗೆ ಪಟ್ಟಿ ಮಾತ್ರ ಇರುವ ಕಾರ್ಡ್‌ಗಳನ್ನು ಬದಲಿಸಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದ್ದು ಸುಮ್ನೆ ಅಲ್ಲ.

ಈಗ 5000 ರೂಪಾಯಿವರೆಗೆ ಪಿನ್ ಇಲ್ಲದೆ ತಾಗಿಸಿದರೂ ಸಾಕು. ಅಮ್ಮನಿಗೆ ಅದನ್ನೇ ಕಲಿಸಿದ್ದೇನೆ. ಕಾರ್ಡ್ ಕೈಯಲ್ಲೇ ಇರುತ್ತದೆ ಅಲ್ವಾ.