ಈ ಟೈರು ಇನ್ನೊಂದು ಮಳೆಗಾಲ ಬರ್ತಾವೇನ್ರಿ?

ಮೇ ತಿಂಗಳು ಬಂತೆಂದರೆ ನಮ್ಮ ಅಂಗಡಿಯಲ್ಲಿ ಇದೊಂದೇ ಮಾತು. ಬೆಳಗಾವಿಯಲ್ಲಿ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟುಕೊಂಡವನಿಗೆ ಬೇರೆ ಏನು ಕೇಳ್ತಾರೆ ಹೇಳಿ. ಗಾಡಿ ನಿಲ್ಲಿಸುತ್ತಾರೆ, ಇಳಿದು ಮುಂದಿನ ಟೈರಿಗೆ ಒಂದು ಸಲ ಒದೆಯುತ್ತಾರೆ, "ಅಣ್ಣಾ, ಇನ್ನೊಂದು ಮಳಿಗಾಲ ಬರ್ತಾವೇನ್ರಿ ಇವು?" ಅನ್ನುತ್ತಾರೆ. ಒದ್ದರೆ ಅದರಿಂದ ಏನು ಗೊತ್ತಾಗುತ್ತದೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಟೈರಿನ ಗೆರೆಗಳ ಆಳ 3 ಮಿಲಿಮೀಟರ್‌ಗಿಂತ ಕಡಿಮೆ ಇದೆ, ನೀವು ಮಳೆಗಾಲದಲ್ಲೂ ಗೋವಾ ಕಡೆ ಇಳಿಯುವವರು, ಇಲ್ಲವೇ ಹೈವೇ ಮೇಲೆ ಜಾಸ್ತಿ ಓಡಾಡುವವರು ಅಂದರೆ, ಬರುವುದಿಲ್ಲ. ಮೇ ಮಧ್ಯದಲ್ಲೇ ಬದಲಿಸಿ. ಬರೀ ಊರೊಳಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಗಾಡಿಯಾದರೆ ದೀಪಾವಳಿವರೆಗೆ ತಳ್ಳಬಹುದು, ನಾನೇ ತಳ್ಳಿ ಅನ್ನುತ್ತೇನೆ. ಆದರೆ 2 ಮಿಲಿಮೀಟರ್‌ಗೆ ಬಂದಿದ್ದರೆ ಅವರಿಗೂ ಬೇಡ.

ಈ ಪ್ರಶ್ನೆಯ ಜತೆಗೆ ಈಗ ಇನ್ನೊಂದು ಸೇರಿಕೊಂಡಿದೆ. ಮಗ ಜರ್ಮನಿಯಲ್ಲಿ, ಮಗಳು ಕೆನಡಾದಲ್ಲಿ ಇರುವವರು ನಮ್ಮೂರಲ್ಲಿ ಈಗ ಓಣಿ ಓಣಿಗೂ ಸಿಗುತ್ತಾರೆ. "ನಮ್ಮ ಹುಡುಗ ಅಕ್ಟೋಬರ್ ಬಂತಂದ್ರ ನಾಕೂ ಟೈರ್ ಬದಲಿ ಮಾಡ್ತಾನ್ರಿ. ನಾವ್ಯಾಕ ಮಾಡಂಗಿಲ್ಲ?" ಅಂತ ಕೇಳುತ್ತಾರೆ. ಹುಡುಗ ಚಳಿಗಾಲಕ್ಕೆ ವಿಂಟರ್ ಟೈರ್ ಹಾಕುವುದು ಸರಿ. ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ರಸ್ತೆಯನ್ನು ಹಿಡಿಯುವುದಿಲ್ಲ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತದೆ. ಮೇಲೆ ಕೂದಲೆಳೆಯಂಥ ಸೀಳುಗಳಿರುತ್ತವೆ, ಅವು ಹಿಮವನ್ನು ಕಚ್ಚುತ್ತವೆ. ಜರ್ಮನಿಯಲ್ಲಿ ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಅಂತ ಬಾಯಿಲೆಕ್ಕ ಇದೆ. ಕಾನೂನಿನಲ್ಲಿ ತಾರೀಖಿಲ್ಲ, ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಆ ಟೈರ್ ಇರಲೇಬೇಕು ಅಷ್ಟೇ. ಕೆನಡಾದ ಕ್ವಿಬೆಕ್‌ನಲ್ಲಿ ತಾರೀಖೇ ಗೊತ್ತುಮಾಡಿದ್ದಾರೆ, ಡಿಸೆಂಬರ್ 1ರಿಂದ ಮಾರ್ಚ್ 15.

ನಮ್ಮಲ್ಲಿ ಡಿಸೆಂಬರ್ ಬೆಳಗಿನ ಜಾವ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗುವಷ್ಟು ಚಳಿ, ಮಧ್ಯಾಹ್ನಕ್ಕೆ ಫ್ಯಾನ್ ಬೇಕು. ಈ ಹವೆಗೆ ವಿಂಟರ್ ಟೈರ್ ದಂಡ. ಏಪ್ರಿಲ್ ಬಿಸಿಲಿಗೆ ಆ ಮೆತ್ತನೆ ರಬ್ಬರ್ ಬೇಗ ಸವೆದುಹೋಗುತ್ತದೆ. ಅಲ್ಲಿಯವರೂ ಚಳಿ ಮುಗಿದ ಕೂಡಲೇ ಬಿಚ್ಚಿಡುವುದು ಅದಕ್ಕೇ. ಆದರೆ ಆ ಹುಡುಗನಿಂದ ನಾವು ಕಲಿಯಬೇಕಾದ್ದು ಒಂದಿದೆ. ಅವನು ಹಿಮ ಬಿದ್ದ ಮೇಲೆ ಅಂಗಡಿಗೆ ಓಡುವುದಿಲ್ಲ.

ನಮ್ಮವರು ಓಡುತ್ತಾರೆ. ಜೂನ್ 7-8ಕ್ಕೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುತ್ತದೆ, ಮಳೆ ಹಿಡಿಯುತ್ತದೆ, ಯಾರೋ ಒಬ್ಬರ ಗಾಡಿ ಎಲ್ಲೋ ಜಾರುತ್ತದೆ, ಮರುದಿನ ಅಂಗಡಿ ಮುಂದೆ ಸಾಲು. ಆಗ ನಿಮಗೆ ಬೇಕಾದ ಸೈಜು ಸಿಗುವುದಿಲ್ಲ, ಸಿಕ್ಕಿದ್ದನ್ನು ಹಾಕಿಸಿಕೊಳ್ಳುತ್ತೀರಿ. ಇಷ್ಟಕ್ಕೂ ಜಾರುವ ಮಳೆ ಮಿರಗದ್ದಲ್ಲ, ಅದಕ್ಕಿಂತ ಮುಂಚಿನದು. ಮೇ ತಿಂಗಳಲ್ಲಿ ಸಂಜೆ ಗುಡುಗಿ ಹತ್ತು ನಿಮಿಷ ಸುರಿದು ಹೋಗುತ್ತದಲ್ಲ, ಆ ಅವಕಾಳಿ ಮಳೆ. ಇಡೀ ಬೇಸಿಗೆ ರಸ್ತೆ ಮೇಲೆ ಕೂತ ಎಣ್ಣೆ, ಧೂಳು, ಸವೆದ ರಬ್ಬರ್ ಪುಡಿ ಎಲ್ಲ ಸೇರಿ ಲೋಳೆಯಾಗುತ್ತದೆ. ನಾಲ್ಕು ದಿನ ಜೋರು ಮಳೆ ಬಿದ್ದರೆ ಅದು ತೊಳೆದು ಹೋಗುತ್ತದೆ.

ಹಾಗಂತ ಮಾರ್ಚಲ್ಲೇ ಯಾಕೆ ಬೇಡ? ಕಾದ ರಸ್ತೆಯಲ್ಲಿ ಟೈರ್ ಜಾಸ್ತಿ ಸವೆಯುತ್ತದೆ. ಹೇಗೂ ಮುಗಿಯುತ್ತಿರುವ ಟೈರ್, ಬೇಸಿಗೆಯನ್ನು ಅದರಲ್ಲೇ ಕಳೆಯಿರಿ. ಮಳೆ ಹಿಡಿಯುವವರೆಗೂ ಕಾಯಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ, ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ. ಮೊದಲ ಇನ್ನೂರು-ಮುನ್ನೂರು ಕಿಲೋಮೀಟರ್ ನಿಧಾನ ಓಡಿಸಿದರೆ ಅದು ಹೋಗುತ್ತದೆ. ಬೆಳಿಗ್ಗೆ ಟೈರ್ ಹಾಕಿಸಿ ಮಧ್ಯಾಹ್ನ ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯುವವರಿಗೆ ಇದನ್ನು ಹೇಳಿದರೆ, ಹೊಸದು ಅದಲ್ರಿ, ಏನಾಗತೈತಿ ಅನ್ನುತ್ತಾರೆ.

ಈಗ ಆಳದ ವಿಷಯ. ಕಾರಿನ ಹೊಸ ಟೈರಿನಲ್ಲಿ ಗೆರೆ 7-8 ಮಿಲಿಮೀಟರ್ ಆಳ ಇರುತ್ತದೆ. ಗೆರೆಯ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ಉಬ್ಬು ಪಟ್ಟಿ ಇರುತ್ತದೆ, ಎತ್ತರ 1.6 ಮಿಲಿಮೀಟರ್. ಟೈರ್ ಸವೆದು ಆ ಪಟ್ಟಿಗೆ ಸಮ ಬಂದರೆ ಅದು ಕಾನೂನಿನ ಲೆಕ್ಕದಲ್ಲೂ ಮುಗಿಯಿತು. ಪಟ್ಟಿ ಎಲ್ಲಿದೆ ಅಂತ ತೋರಿಸಲು ಪಕ್ಕದ ಗೋಡೆಯ ಮೇಲಂಚಿನಲ್ಲಿ ಪುಟ್ಟ ತ್ರಿಕೋನವೋ ಟಿಡಬ್ಲ್ಯೂಐ ಅನ್ನುವ ಅಕ್ಷರವೋ ಇರುತ್ತದೆ. ಬಹಳ ಜನ ಅಲ್ಲಿಯವರೆಗೂ ಕಾಯುತ್ತಾರೆ. ಗೆರೆ ಇರುವುದೇ ಚಕ್ರದ ಕೆಳಗಿನ ನೀರನ್ನು ಹೊರಗೆ ಹಾಕಲಿಕ್ಕೆ. ಆಳ ಕಡಿಮೆ ಆದಷ್ಟೂ ಅದು ಸಾಗಿಸುವ ನೀರೂ ಕಡಿಮೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲುವ ದೂರ ಜಾಸ್ತಿ. ಅದಕ್ಕೇ ನಾನು 3 ಅನ್ನುವುದು. ಅಳೆಯುವ ಗೇಜ್ ದುಬಾರಿ ಸಾಮಾನಲ್ಲ, ಇಲ್ಲದಿದ್ದರೆ ಯಾವ ಟೈರ್ ಅಂಗಡಿಯಲ್ಲೂ ಸುಮ್ನೆ ನೋಡಿ ಹೇಳುತ್ತಾರೆ.

ಒಂದು ಕಡೆ ಮಾತ್ರ ಅಳೆಯಬೇಡಿ. ನಮ್ಮೂರಿನ ಗುಂಡಿಗಳಿಗೆ ಬಿದ್ದೆದ್ದು ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ತಪ್ಪಿದ ಗಾಡಿಗಳಲ್ಲಿ ಟೈರ್ ಒಳ ಅಂಚಿನಿಂದ ಸವೆಯುತ್ತಾ ಬರುತ್ತದೆ. ಮೊನ್ನೆ ಒಬ್ಬರ ಗಾಡಿ ಬಂದಿತ್ತು. ಹೊರಗೆ ನಿಂತು ನೋಡಿದರೆ ಇನ್ನೊಂದು ವರ್ಷಕ್ಕೆ ಚಿಂತೆಯಿಲ್ಲ ಅನ್ನುವ ಹಾಗಿತ್ತು, ಗೇಜ್‌ನಲ್ಲೂ 4 ಬಂತು. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಒಳಗೆ ಕೈಹಾಕಿದರೆ ಬೆರಳಿಗೆ ತಂತಿ ಚುಚ್ಚಿತು. ಒಳ ಅಂಚಿನಲ್ಲಿ ಎರಡು ಬೆರಳಗಲ ರಬ್ಬರೇ ಇರಲಿಲ್ಲ, ಉಕ್ಕಿನ ಎಳೆಗಳು ತುಕ್ಕು ಹಿಡಿದು ಹೊರಗೆ ಬಂದಿದ್ದವು. ಆ ಮನುಷ್ಯ ಹಿಂದಿನ ರಾತ್ರಿಯಷ್ಟೇ ಕೊಲ್ಲಾಪುರದಿಂದ ಬಂದಿದ್ದರಂತೆ.

ವಯಸ್ಸೂ ನೋಡಬೇಕು. ಪಕ್ಕದ ಗೋಡೆಯ ಮೇಲೆ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ. ವಾರಕ್ಕೊಮ್ಮೆ ಮಾತ್ರ ಹೊರಗೆ ಬರುವ ರಿಟೈರ್ಡ್ ಮೇಷ್ಟ್ರ ಕಾರಿನಲ್ಲಿ ಗೆರೆ ತುಂಬಿಕೊಂಡಿರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. "ಇದರ ಗ್ರಿಪ್ ಹಂಗ ಐತೆಲ್ಲಪಾ" ಅನ್ನುತ್ತಾರೆ. ಐದಾರು ವರ್ಷ ದಾಟಿದ ಟೈರನ್ನು ಆಳ ನೋಡಿ ನಂಬಬೇಡಿ ಸರ್.

ಯಾವ ರಸ್ತೆ ಅನ್ನುವುದರ ಮೇಲೂ ಉತ್ತರ ಬದಲಾಗುತ್ತದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾದಲ್ಲಿ ಇಳಿಯುವಾಗ ಯಾರೂ ನೂರರಲ್ಲಿ ಹೋಗುವುದಿಲ್ಲ. ಅಲ್ಲಿ ಕಷ್ಟ ಬೇರೆ. ಇಳಿಜಾರು, ಮಂಜು, ತಿರುವಿನಲ್ಲಿ ಗುಡ್ಡದಿಂದ ಹರಿದು ಬಂದ ಮಣ್ಣು, ಕೊಳೆತ ಎಲೆ. ತಿರುಗುತ್ತಲೇ ಬ್ರೇಕ್ ಹಿಡಿಯಬೇಕು, ಅದೂ ಪದೇ ಪದೇ. ಅನಮೋಡ, ಆಂಬೋಲಿ ಘಾಟ್‌ಗಳೂ ಅಷ್ಟೇ. ಪುಣೆ-ಬೆಂಗಳೂರು ಹೈವೇ ಮೇಲೆ ಆಗುವುದು ಬೇರೆ. ನೀರು ನಿಂತ ಜಾಗದಲ್ಲಿ ವೇಗವಾಗಿ ಹೋದರೆ ಚಕ್ರ ನೀರಿನ ಮೇಲೆಯೇ ತೇಲುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ, ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಇನ್ನು ಸವದತ್ತಿ, ಬೈಲಹೊಂಗಲ ಕಡೆ ಟ್ರ್ಯಾಕ್ಟರ್‌ಗಳು ಹೊಲದಿಂದ ಎರೆಮಣ್ಣು ತಂದು ಡಾಂಬರ್ ಮೇಲೆ ಹಾಕಿರುತ್ತವೆ. ಅದರ ಮೇಲೆ ಮಳೆ ಬಿದ್ದರೆ ಗೆರೆಗಳೆಲ್ಲ ಮಣ್ಣಿನಿಂದ ತುಂಬಿ ಹೊಸ ಟೈರೂ ಬೋಳು ಟೈರೇ. ಅಲ್ಲಿಗೆ ನನ್ನ ಹತ್ತಿರ ಮಾರುವಂಥದ್ದು ಏನೂ ಇಲ್ಲ, ನಿಧಾನ ಹೋಗಿ.

ಮಳೆಗಾಲದಲ್ಲಿ ಗಾಳಿ ಕಡಿಮೆ ಮಾಡಿದರೆ ಗ್ರಿಪ್ ಬರುತ್ತದೆ ಅಂತ ಯಾರು ಹೇಳಿದರೋ, ಅರ್ಧ ಊರು ನಂಬಿಬಿಟ್ಟಿದೆ. ಉಲ್ಟಾ. 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರಗಳ ಮೇಲೆ ಪರೀಕ್ಷೆ ಮಾಡಿ ಒಂದು ಲೆಕ್ಕ ಕೊಟ್ಟರು. ಗಾಳಿಯ ಒತ್ತಡ ಕಡಿಮೆ ಆದಷ್ಟೂ ಚಕ್ರ ಕಡಿಮೆ ವೇಗದಲ್ಲೇ ತೇಲುತ್ತದೆ. ಗೆರೆ ಮುಳುಗುವಷ್ಟು ನೀರಿದ್ದರೆ ಆ ಲೆಕ್ಕದ ಪ್ರಕಾರ 32 ಪಿಎಸ್‌ಐಗೆ ಗಂಟೆಗೆ ಸುಮಾರು 94 ಕಿಲೋಮೀಟರ್, 24ಕ್ಕೆ ಇಳಿಸಿದರೆ ಸುಮಾರು 82. ಕಾರಿನ ಬಾಗಿಲ ಅಂಚಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಹಾಕಿಸಿ, ಸಾಕು.

ನನಗೆ ಅತಿ ಹೆಚ್ಚು ಜಗಳ ಆಗುವುದು ಎರಡೇ ಟೈರ್ ಹಾಕಿಸಲು ಬಂದವರ ಜತೆ. ನಾಲ್ಕಕ್ಕೂ ದುಡ್ಡು ಕೂಡಿಬರುವುದಿಲ್ಲ, ಸಹಜ. "ಮುಂದ ಹಾಕ್ರಿ, ಇಂಜಿನ್ ಅಲ್ಲೇ ಐತಿ, ಸ್ಟೇರಿಂಗ್ ಅಲ್ಲೇ ಐತಿ" ಅನ್ನುತ್ತಾರೆ. ನಾನು ಹಿಂದೆ ಹಾಕುತ್ತೇನೆ. ಟೈರ್ ಕಂಪನಿಗಳು ಹೇಳುವುದೂ ಅದನ್ನೇ. ಮುಂದಿನ ಚಕ್ರ ಜಾರಿದರೆ ಗಾಡಿ ತಿರುಗದೆ ನೇರ ಹೋಗುತ್ತದೆ. ಕೈಗೆ ಗೊತ್ತಾಗುತ್ತದೆ, ಕಾಲು ತಾನಾಗಿ ಎಕ್ಸಲರೇಟರ್ ಬಿಡುತ್ತದೆ, ವೇಗ ಇಳಿದರೆ ಮತ್ತೆ ಹಿಡಿತ ಬರುತ್ತದೆ. ಹಿಂದಿನದು ಜಾರಿದರೆ ಬಾಲ ಸುತ್ತಿಕೊಂಡು ಮುಂದಕ್ಕೇ ಬರುತ್ತದೆ, ಗಾಬರಿಯಿಂದ ಬ್ರೇಕ್ ಒತ್ತಿದರೆ ಇನ್ನೂ ಕೆಟ್ಟದು. ನಮ್ಮಲ್ಲಿ ಎಷ್ಟು ಜನಕ್ಕೆ ಅದನ್ನು ತಡೆದು ನಿಲ್ಲಿಸಲು ಬರುತ್ತದೆ? ಹಾಗಾಗಿ ಹೊಸವು ಹಿಂದೆ, ಹಿಂದಿದ್ದವು ಚೆನ್ನಾಗಿದ್ದರೆ ಮುಂದೆ. ಇಷ್ಟು ಹೇಳಿದ ಮೇಲೂ ಒಬ್ಬ ಕಾಕಾ ಪ್ರತಿ ಸಲ ತಲೆಯಾಡಿಸಿ, ಪಕ್ಕದ ಅಂಗಡಿಯಲ್ಲಿ ಅದಲುಬದಲು ಮಾಡಿಸಿಕೊಂಡು ಹೋಗುತ್ತಾರೆ. ಅವರ ಜತೆ ಚಹಾ ಕುಡಿಯುವುದನ್ನು ನಾನಂತೂ ಬಿಟ್ಟಿಲ್ಲ.

ಸ್ಟೆಪ್ನಿಯನ್ನು ಯಾರೂ ಕೇಳುವುದಿಲ್ಲ, ನಾನೇ ಡಿಕ್ಕಿ ತೆಗೆಸಿ ನೋಡುತ್ತೇನೆ. ಮುಕ್ಕಾಲು ಪಾಲು ಗಾಡಿಗಳಲ್ಲಿ ಅದಕ್ಕೆ ಗಾಳಿಯೇ ಇರುವುದಿಲ್ಲ. ಈಗಿನ ಕೆಲವು ಕಾರುಗಳಲ್ಲಿ ಅದು ಉಳಿದ ನಾಲ್ಕಕ್ಕಿಂತ ಸಣ್ಣದು, ಮೇಲೆ 80 ದಾಟಬೇಡಿ ಅಂತ ಬರೆದಿರುತ್ತದೆ. ಘಾಟ್‌ಗೆ ಹೋಗುವ ಹಿಂದಿನ ದಿನವೇ ಅದಕ್ಕೂ ಗಾಳಿ ಹಾಕಿಸಿ, ಜಾಕ್ ಇದೆಯಾ ನೋಡಿ. ಕಣಕುಂಬಿ ದಾಟಿದ ಮೇಲೆ ಪಂಚರ್ ಅಂಗಡಿಯೂ ಸುಲಭಕ್ಕೆ ಸಿಗುವುದಿಲ್ಲ, ಫೋನಿಗೆ ನೆಟ್‌ವರ್ಕೂ ಸಿಗುವುದಿಲ್ಲ.